ಫ್ಲಾರಿಡಾದ ಗಲ್ಫ್ ಕರಾವಳಿಯಲ್ಲಿ ಟಾರ್ಪನ್ ಹಿಡಿಯುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮೇ ತಿಂಗಳಲ್ಲಿ ಫ್ಲಾರಿಡಾದ ಪಶ್ಚಿಮ ಕರಾವಳಿಗೆ ಟಾರ್ಪನ್ ಎಂಬ ದೊಡ್ಡ ಬೆಳ್ಳಿ ಮೀನನ್ನು ಹಿಡಿಯಲು ಹೋಗಿ ಬರಿಗೈಲಿ ಬಂದವರ ಮಾತು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮೀನು ಕಣ್ಣೆದುರೇ ಹೊರಳುತ್ತಿತ್ತು, ಎರೆಯನ್ನು ಮೂಸಿಯೂ ನೋಡಲಿಲ್ಲ. ಇಲ್ಲವೇ ಕಚ್ಚಿತು, ಒಮ್ಮೆ ನೆಗೆಯಿತು, ದಾರ ಜೋಲು ಬಿತ್ತು. ಹೀಗಾದಾಗ ಬಹಳ ಜನ ಮರುಸಲಕ್ಕೆ ಇನ್ನೂ ದಪ್ಪ ದಾರ, ಇನ್ನೂ ದೊಡ್ಡ ರೀಲ್ ಕೊಳ್ಳುತ್ತಾರೆ. ಅದರಿಂದ ಪ್ರಯೋಜನ ಇಲ್ಲ. ಎರೆ ನೀರಿಗೆ ಬೀಳುವ ಮೊದಲೇ ಕೆಲಸ ಕೆಟ್ಟಿರುತ್ತದೆ: ದೋಣಿ ನಿಂತ ಜಾಗ ತಪ್ಪು, ಎರೆ ಹೋದ ದಿಕ್ಕು ತಪ್ಪು, ಡ್ರ್ಯಾಗ್ (ಮೀನು ಎಳೆದಾಗ ರೀಲ್ ದಾರ ಬಿಡುವ ಬಿಗಿತ) ಅಳೆದಿಲ್ಲ, ಗಂಟು ಎಳೆದು ನೋಡಿಲ್ಲ.

ಈ ಬರಹ ಟ್ಯಾಂಪಾ ಕೊಲ್ಲಿಯ ಬಾಯಿಯಿಂದ ದಕ್ಷಿಣಕ್ಕೆ ಬೋಕಾ ಗ್ರಾಂಡೆ ತನಕದ ನೀರಿಗೆ, ಏಪ್ರಿಲ್ ಕೊನೆಯಿಂದ ಜುಲೈವರೆಗಿನ ಹಂಗಾಮಿಗೆ ಅನ್ವಯಿಸುತ್ತದೆ. ದಡಕ್ಕೆ ಹತ್ತಿರ ಸಿಗುವ ಸ್ನೂಕ್, ರೆಡ್‌ಫಿಶ್ ಮುಂತಾದ ಮೀನುಗಳ ಬಗ್ಗೆ ಕೊನೆಯಲ್ಲಿದೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವಿನದೊಂದನ್ನು ಹಾರಿಸಿದರೆ ಅದರ ಫಲ ಎರಡು ಹಂತ ಆಚೆ ಕಾಣಿಸುತ್ತದೆ, ಕಾರಣ ಮಾತ್ರ ಗೊತ್ತಾಗುವುದಿಲ್ಲ.

## ಹಂತ 1: ಕಾಗದಪತ್ರ ಮತ್ತು ಕಾನೂನು

ಟಾರ್ಪನ್ ನಾವು ತಿನ್ನುವ ಮೀನಲ್ಲ. ಫ್ಲಾರಿಡಾದಲ್ಲಿ ಅದನ್ನು ಹಿಡಿದು ಬಿಡಬೇಕು. ರಾಜ್ಯದ ದಾಖಲೆ ಮುರಿಯಬಹುದಾದ ಮೀನನ್ನು ಮಾತ್ರ, ಅದೂ 50 ಡಾಲರಿನ ವಿಶೇಷ ಟ್ಯಾಗ್ ಮೊದಲೇ ಕೊಂಡವರು, ಇಟ್ಟುಕೊಳ್ಳಬಹುದು. ಒಬ್ಬರಿಗೆ ವರ್ಷಕ್ಕೆ ಒಂದೇ ಟ್ಯಾಗ್. ಆ ದಾಖಲೆ 243 ಪೌಂಡ್, 1975ರಲ್ಲಿ ಕೀ ವೆಸ್ಟ್‌ನಲ್ಲಿ ಸಿಕ್ಕ ಮೀನಿನದು. ಹಾಗಾಗಿ ಟ್ಯಾಗ್‌ನ ಯೋಚನೆಯನ್ನೇ ಬಿಟ್ಟುಬಿಡಿ.

ಇನ್ನೊಂದು ನಿಯಮವನ್ನು ದೋಣಿ ಹತ್ತುವ ಪ್ರತಿಯೊಬ್ಬರಿಗೂ ಹೇಳಿರಬೇಕು. 40 ಇಂಚಿಗಿಂತ ಉದ್ದದ ಟಾರ್ಪನ್ನನ್ನು ನೀರಿನಿಂದ ಮೇಲೆತ್ತುವಂತಿಲ್ಲ. ಫೋಟೋಕ್ಕೂ ಎತ್ತುವಂತಿಲ್ಲ. ಈ ನೀರಿನಲ್ಲಿ ಸಿಗುವ ಬಹುಪಾಲು ಮೀನು ಅದಕ್ಕಿಂತ ದೊಡ್ಡದೇ.

ಜೀವಂತ ಅಥವಾ ಸತ್ತ ಎರೆಯ ಜೊತೆ ಮೂರು ಮೊನೆಯ ಗಾಳ ಬಳಸುವಂತಿಲ್ಲ. ಬೋಕಾ ಗ್ರಾಂಡೆ ಪಾಸ್‌ಗೆ (ಪಾಸ್ ಎಂದರೆ ದ್ವೀಪಗಳ ನಡುವೆ ನೀರು ಸಮುದ್ರ ಸೇರುವ ಬಾಯಿ) ಪ್ರತ್ಯೇಕ ನಿಯಮಗಳಿವೆ. ದಾರ ನೇರ ತೂಗುಬಿಟ್ಟಾಗ ಗಾಳಕ್ಕಿಂತ ಕೆಳಗೆ ಭಾರ ಜೋತಾಡುವ ಸಲಕರಣೆ ವರ್ಷವಿಡೀ ನಿಷಿದ್ಧ. ಏಪ್ರಿಲ್, ಮೇ, ಜೂನ್‌ನಲ್ಲಿ ಒಂದು ದೋಣಿಯಿಂದ ಏಕಕಾಲಕ್ಕೆ ಮೂರಕ್ಕಿಂತ ಹೆಚ್ಚು ದಾರ ಬಿಡಬಾರದು, ಮೀನು ಕಚ್ಚಿದಾಗ ಕಳಚಿ ಬೀಳುವ ಭಾರವನ್ನೂ ಕಟ್ಟಬಾರದು.

ಬಾಡಿಗೆ ಚಾರ್ಟರ್ ದೋಣಿಯಲ್ಲಿ ಹೋದರೆ ಪರವಾನಗಿ ಆ ದೋಣಿಯದೇ ಇರುತ್ತದೆ. ಸ್ವಂತ ದೋಣಿ, ದಡ, ಸೇತುವೆ ಎಂದಾದರೆ 16 ತುಂಬಿದವರಿಗೆ ಸಾಮಾನ್ಯವಾಗಿ ಉಪ್ಪುನೀರಿನ ಪರವಾನಗಿ ಬೇಕು. ಬೇರೆ ರಾಜ್ಯದವರಿಗೂ ಭಾರತದಿಂದ ಬಂದ ಅಪ್ಪ ಅಮ್ಮನಿಗೂ ಮೂರು ದಿನದ, ಏಳು ದಿನದ ಪರವಾನಗಿ ಸಿಗುತ್ತದೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ರಾಜ್ಯದ ಮೀನು ಮತ್ತು ವನ್ಯಜೀವಿ ಸಂರಕ್ಷಣಾ ಆಯೋಗದ ಜಾಲತಾಣವನ್ನು ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ.

## ಹಂತ 2: ದಿನ ಆರಿಸುವುದು

ರಜೆ ಯಾವಾಗ ಇದೆ ಎಂದು ನೋಡಿ ದಿನ ಗೊತ್ತು ಮಾಡುವುದು ಮೊದಲ ತಪ್ಪು. ಮೊದಲು ನೀರಿನ ಶಾಖ ನೋಡಿ. 24 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ಹಾಗೇ ನಿಂತ ಮೇಲೆ ದೊಡ್ಡ ಮೀನು ಕಡಲತೀರದ ಹಾದಿ ಹಿಡಿಯುತ್ತದೆ. ಸಾಧಾರಣವಾಗಿ ಏಪ್ರಿಲ್ ಕೊನೆಯ ವಾರ. ಮೇ ನಡುವಿನಿಂದ ಜೂನ್ ಕೊನೆಯವರೆಗೆ ಭರ್ತಿ ಹಂಗಾಮು.

ಆಮೇಲೆ ಪಂಚಾಂಗ. ಮೇಯಿಂದ ಜುಲೈ ತನಕ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಟಾರ್ಪನ್ ಆಳ ಸಮುದ್ರಕ್ಕೆ ಹೋಗಿ ಮೊಟ್ಟೆಯಿಡುತ್ತದೆ. ಅದಕ್ಕೂ ಮೊದಲು ಕೊಲ್ಲಿಗಳ ಬಾಯಲ್ಲಿ ಒಟ್ಟುಗೂಡಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಅದೇ ದಿನಗಳಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಕೊಲ್ಲಿಯ ನೀರು ಹೊಳೆಯಂತೆ ಹೊರಕ್ಕೆ ಹರಿಯುತ್ತದೆ. ಅಲ್ಲಿಯವರು ಇದನ್ನು ಹಿಲ್ ಟೈಡ್ ಎನ್ನುತ್ತಾರೆ. ಆ ಇಳಿತದ ಜೊತೆ ಸಾವಿರಾರು ಸಣ್ಣ ಏಡಿಗಳು ನೀರ ಮೇಲ್ಮೈಯಲ್ಲಿ ತೇಲಿ ಬರುತ್ತವೆ. ಟಾರ್ಪನ್ ಬಾಯಿ ತೆರೆದು ಕಾದರೆ ಸಾಕು.

ಭರತ ಇಳಿತದ ಪಟ್ಟಿಯಲ್ಲಿ ಸಮಯವೊಂದನ್ನೇ ನೋಡಬೇಡಿ, ಉಬ್ಬರದ ಎತ್ತರಕ್ಕೂ ಇಳಿತದ ಮಟ್ಟಕ್ಕೂ ಇರುವ ಅಂತರ ನೋಡಿ. ಅಂತರ ಹೆಚ್ಚಿದ್ದಷ್ಟೂ ಸೆಳೆತ ಜೋರು. ಮೊದಲ ಸಲದವರಿಗೆ ನನ್ನ ಸಲಹೆ: ಹುಣ್ಣಿಮೆ ಅಥವಾ ಅಮಾವಾಸ್ಯೆಗೆ ಮೂರ್ನಾಲ್ಕು ದಿನ ಮುಂಚೆ ಹೋಗಿ. ಸೆಳೆತ ಅಷ್ಟು ಹುಚ್ಚು ಹಿಡಿದಿರುವುದಿಲ್ಲ, ಮೀನೂ ಬಂದಿರುತ್ತದೆ, ದೋಣಿಗಳ ಸಂತೆ ಇನ್ನೂ ನೆರೆದಿರುವುದಿಲ್ಲ.

ಎಚ್ಚರಿಕೆ: ಹೊರಹರಿವಿಗೆ ಎದುರಾಗಿ ಪಡುವಣ ಗಾಳಿ ಬೀಸಿದರೆ ಪಾಸ್‌ನ ಬಾಯಲ್ಲಿ ಅಲೆಗಳು ಒತ್ತೊತ್ತಾಗಿ, ಕಡಿದಾಗಿ ಎದ್ದು ನಿಲ್ಲುತ್ತವೆ. ಗಂಗೊಳ್ಳಿ, ತದಡಿಯ ಅಳಿವೆಯಲ್ಲಿ ಇಳಿತ ಮತ್ತು ಗಾಳಿ ಎದುರುಬದುರಾದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 20 ಅಡಿಯೊಳಗಿನ ದೋಣಿಯಲ್ಲಿ ಅಲ್ಲಿಗೆ ಹೋಗಲೇಬೇಡಿ. ಬೇಸಿಗೆಯ ಮಧ್ಯಾಹ್ನದ ಗುಡುಗು ಮಳೆಯೂ ಇದೇ ಹೊತ್ತಿನದು. ಗುಡುಗು ಕೇಳಿಸಿತು ಎಂದರೆ ಮಿಂಚಿನ ಅಳವಿನೊಳಗೆ ನೀವಿದ್ದೀರಿ ಎಂದೇ ಅರ್ಥ. ಕೈಯಲ್ಲಿರುವ ಗ್ರಾಫೈಟ್ ರಾಡ್ (ಗಾಳದ ಕೋಲು) ವಿದ್ಯುತ್ತನ್ನು ಹರಿಯಬಿಡುವ ವಸ್ತು. ಮಲಗಿಸಿಟ್ಟು ದಡ ಸೇರಿ.

## ಹಂತ 3: ಸಲಕರಣೆ

- ರಾಡ್: 7ರಿಂದ 8 ಅಡಿ, ಹೆವಿ. ತುದಿ ಎರೆ ಎಸೆಯುವಷ್ಟು ಬಳುಕಬೇಕು, ಬುಡ ಬಗ್ಗಬಾರದು.
- ರೀಲ್: 6000ರಿಂದ 8000 ಅಳತೆಯ ಸ್ಪಿನ್ನಿಂಗ್ ರೀಲ್.
- ದಾರ: 50 ಅಥವಾ 65 ಪೌಂಡಿನ ಹೆಣೆದ ದಾರ, ಕನಿಷ್ಠ 300 ಗಜ.
- ಲೀಡರ್ (ದಾರಕ್ಕೂ ಗಾಳಕ್ಕೂ ನಡುವೆ ಕಟ್ಟುವ ದಪ್ಪ ತುಂಡು): 60ರಿಂದ 80 ಪೌಂಡಿನ ಫ್ಲೋರೋಕಾರ್ಬನ್, 5ರಿಂದ 6 ಅಡಿ.
- ಗಾಳ: 5/0ಯಿಂದ 7/0 ಅಳತೆಯ, ಪಕ್ಕಕ್ಕೆ ತಿರುಚಿರದ ಸರ್ಕಲ್ ಗಾಳ, ಅಂದರೆ ಮೊನೆ ಒಳಕ್ಕೆ ಬಾಗಿದ ದುಂಡು ಗಾಳ.
- ಇತರೆ: ಪೋಲರೈಸ್ಡ್ ಕನ್ನಡಕ, ಕೈಗವಸು, ಉದ್ದ ಹಿಡಿಯ ಗಾಳ ಬಿಡಿಸುವ ಸಾಧನ, ದಾರ ಕತ್ತರಿಸುವ ಇಕ್ಕಳ, ಲಂಗರಿನ ಹಗ್ಗಕ್ಕೆ ಕಟ್ಟುವ ದೊಡ್ಡ ಬೆಂಡು.

ಟಾರ್ಪನ್‌ಗೆ ಕತ್ತರಿಸುವ ಹಲ್ಲಿಲ್ಲ. ಆದರೆ ದವಡೆ ಮರಳುಕಾಗದದಂತಿದೆ, ದಾರವನ್ನು ನಿಧಾನವಾಗಿ ತೇಯುತ್ತದೆ. ಲೀಡರ್ ದಪ್ಪವಿರಬೇಕಾದದ್ದು ಈ ಕಾರಣಕ್ಕೆ. 100 ಪೌಂಡಿನದು ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಸೇತುವೆಯ ಕಂಬಗಳ ನಡುವೆ ಹೌದು. ತಿಳಿನೀರಿನ ಕಡಲತೀರದಲ್ಲಿ ಬೇಡ, ಮೀನು ದಾರ ಕಂಡು ತಿರುಗಿಹೋಗುತ್ತದೆ.

ಸರ್ಕಲ್ ಗಾಳವೇ ಏಕೆ? ಈ ಮೀನಿನ ಬಾಯೊಳಗೆ ಎತ್ತ ಚುಚ್ಚಿದರೂ ಮೂಳೆಯ ಹಲಗೆ. ನಾಟುವ ಜಾಗ ಎಂದರೆ ಬಾಯಿಯ ಮೂಲೆ. ಸರ್ಕಲ್ ಗಾಳ ಜಾರಿಕೊಂಡು ಬಂದು ಆ ಮೂಲೆಗೇ ಸಿಕ್ಕಿಕೊಳ್ಳುತ್ತದೆ. ಹೊಟ್ಟೆಯೊಳಗೆ ಇಳಿದು ಮೀನನ್ನು ಕೊಲ್ಲುವುದು ಬಹಳ ಅಪರೂಪ.

## ಹಂತ 4: ಗಂಟು ಮತ್ತು ಡ್ರ್ಯಾಗ್

ಇದನ್ನು ಮನೆಯಲ್ಲಿ, ಹಿಂದಿನ ರಾತ್ರಿ, ಬೆಳಕಿನಲ್ಲಿ ಕುಳಿತು ಮಾಡಿ. ಅಲುಗಾಡುವ ದೋಣಿಯಲ್ಲಿ ಕಟ್ಟಿದ ಗಂಟನ್ನು ನಂಬಬೇಡಿ.

ಹೆಣೆದ ದಾರವನ್ನು ಲೀಡರಿಗೆ ಸೇರಿಸಲು ಎಫ್‌ಜಿ ಗಂಟು. ಹೆಣೆದ ದಾರವನ್ನು ಬಿಗಿಯಾಗಿ ಹಿಡಿದು, ಲೀಡರನ್ನು ಅದರ ಮೇಲೊಮ್ಮೆ ಕೆಳಗೊಮ್ಮೆ ಹಾಯಿಸುತ್ತ ಒಟ್ಟು 20 ಸುತ್ತು ಹಾಕಿ. ಸುತ್ತುಗಳು ಜಡೆ ಹೆಣೆದಂತೆ ಒಂದರ ಪಕ್ಕ ಒಂದು ಕೂರಬೇಕು, ಒಂದರ ಮೇಲೊಂದು ಹತ್ತಬಾರದು. ಎರಡು ಅರ್ಧಗಂಟು ಹಾಕಿ ನಿಲ್ಲಿಸಿ, ಗಂಟನ್ನು ಒದ್ದೆ ಮಾಡಿ, ಕೈಗವಸು ತೊಟ್ಟು ಎರಡೂ ಕಡೆ ಬಲವಾಗಿ ಎಳೆಯಿರಿ. ಇಲ್ಲಿ ಕಣ್ಣಿಟ್ಟು ನೋಡಿ: ಹೆಣೆದ ದಾರ ಲೀಡರಿನೊಳಕ್ಕೆ ಕಚ್ಚಿಕೊಳ್ಳುತ್ತಿದ್ದಂತೆ ಅದರ ಬಣ್ಣ ಗಾಢವಾಗುತ್ತದೆ. ಬಣ್ಣ ತಿರುಗದಿದ್ದರೆ ಗಂಟು ಕೂತಿಲ್ಲ, ಮೊದಲ ನೆಗೆತಕ್ಕೇ ಜಾರುತ್ತದೆ. ಬಿಚ್ಚಿ ಮತ್ತೆ ಕಟ್ಟಿ. ಕೂತಿದ್ದರೆ ಲೀಡರಿನ ಬಾಲ ಕತ್ತರಿಸಿ, ಹೆಣೆದ ದಾರದಿಂದ ಇನ್ನೂ ನಾಲ್ಕೈದು ಅರ್ಧಗಂಟು ಹಾಕಿ ಮುಗಿಸಿ.

ಯುನಿ ಗಂಟಿನಿಂದ ಎರಡೂ ದಾರ ಸೇರಿಸುವವರು ಬಹಳ. ಹಿಡಿತ ಸಾಲದೆಂದಲ್ಲ, ಅದು ಉಬ್ಬಿಕೊಂಡಿರುತ್ತದೆ. ಎಸೆಯುವಾಗ ರಾಡಿನ ಉಂಗುರಗಳಿಗೆ ತಗಲುತ್ತದೆ. ಎರೆ ಹತ್ತು ಅಡಿ ಹಿಂದೆ ಬೀಳುತ್ತದೆ. ಆ ಹತ್ತು ಅಡಿಯ ಬೆಲೆ ಹಂತ 8ರಲ್ಲಿ ತಿಳಿಯುತ್ತದೆ.

ಡ್ರ್ಯಾಗ್ ಅನ್ನು ಬೆರಳಿನಿಂದ ಎಳೆದು ಅಂದಾಜು ಮಾಡಬೇಡಿ. ಹಣ್ಣಿನಂಗಡಿಯ ಸ್ಪ್ರಿಂಗ್ ತಕ್ಕಡಿಯಂಥದ್ದು ಸಾಕು. ದಾರದ ತುದಿ ಅದಕ್ಕೆ ಕಟ್ಟಿ, ರಾಡನ್ನು ಮೀನು ಹಿಡಿದಷ್ಟೇ ಬಗ್ಗಿಸಿ ಎಳೆಯಿರಿ. ರಾಡ್ ನೇರವಿಟ್ಟು ಅಳೆದರೆ ಉಂಗುರಗಳ ಉಜ್ಜಾಟ ಲೆಕ್ಕಕ್ಕೆ ಬರುವುದಿಲ್ಲ. 50 ಪೌಂಡ್ ದಾರಕ್ಕೆ 12ರಿಂದ 13 ಪೌಂಡಿನಲ್ಲಿ ರೀಲ್ ದಾರ ಬಿಡಬೇಕು, ಅಂದರೆ ದಾರದ ಬಲದ ಕಾಲುಭಾಗ. ಅದಕ್ಕಿಂತ ಸಡಿಲವಾದರೆ ಗಾಳ ನಾಟುವುದಿಲ್ಲ. ಅದಕ್ಕಿಂತ ಬಿಗಿಯಾದರೆ ನೆಗೆತಕ್ಕೆ ತುಂಡಾಗುತ್ತದೆ.

## ಹಂತ 5: ಎರೆ

ಎರಡೇ ಸಾಕು: ಏಡಿ ಮತ್ತು ಥ್ರೆಡ್‌ಫಿನ್ ಹೆರಿಂಗ್.

ಏಡಿ ಎರಡರಿಂದ ಮೂರು ಇಂಚು ಅಗಲದ್ದಿರಲಿ. ಕೊಂಬು ಮುರಿದುಹಾಕಿ, ಇಲ್ಲದಿದ್ದರೆ ಲೀಡರನ್ನು ತಾನೇ ಹಿಡಿದುಕೊಂಡು ಸುತ್ತಿಕೊಳ್ಳುತ್ತದೆ. ಚಿಪ್ಪಿನ ಎರಡು ಬದಿಗೆ ಚೂಪಾದ ಮೊನೆಗಳಿರುತ್ತವಲ್ಲ, ಅದರಲ್ಲಿ ಒಂದರ ಬುಡದಲ್ಲಿ ಗಾಳವನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ. ಮೊನೆ ಪೂರ್ತಿ ಹೊರಗೆ ಕಾಣಬೇಕು. ಚಿಪ್ಪಿನ ನಡುವೆ ಚುಚ್ಚಿದರೆ ಏಡಿ ಸಾಯುತ್ತದೆ, ಗಾಳದ ಬಾಯಿಯೂ ಮುಚ್ಚಿಹೋಗುತ್ತದೆ. ಏಡಿಗಳನ್ನು ಒದ್ದೆ ಗೋಣಿಯಡಿ ನೆರಳಿನಲ್ಲಿಡಿ, ನಿಂತ ನೀರಿನಲ್ಲಿ ಅಲ್ಲ.

ಥ್ರೆಡ್‌ಫಿನ್ ನೋಡಲು ನಮ್ಮ ಬೂತಾಯಿಯಂತೆ, ಬೆನ್ನಿನ ರೆಕ್ಕೆಯಿಂದ ಮಾತ್ರ ಒಂದು ಎಳೆ ಉದ್ದಕ್ಕೆ ಹೊರಟಿರುತ್ತದೆ. ಇದು ಬಲು ನಾಜೂಕು. ಕೈಯಲ್ಲಿ ಹಿಡಿದರೆ ಹುರುಪೆ ಉದುರುತ್ತದೆ, ಹುರುಪೆ ಉದುರಿದ್ದು ಅರ್ಧಗಂಟೆಯಲ್ಲಿ ಸಾಯುತ್ತದೆ. ಮುಟ್ಟದೆ ಗಾಳ ಬಿಡಿಸಿ ನೇರ ತೊಟ್ಟಿಗೆ ಬೀಳಿಸಿ. ತೊಟ್ಟಿ ದುಂಡಗಿರಬೇಕು, ನೀರು ನಿರಂತರ ಹರಿಯುತ್ತಿರಬೇಕು. 40 ಗ್ಯಾಲನ್ ತೊಟ್ಟಿಗೆ ಮೂರು ಡಜನ್ ಮೀರಿಸಬೇಡಿ. ಮೂತಿ ಕೆಂಪಾಗಿದ್ದರೆ ಅದು ಗೋಡೆಗೆ ಬಡಿದುಕೊಳ್ಳುತ್ತಿದೆ. ಅಂಥದ್ದನ್ನು ಮೊದಲು ಬಳಸಿ ಅಥವಾ ಬಿಟ್ಟುಬಿಡಿ.

ಸೆಳೆತದಲ್ಲಿ ಲಂಗರು ಹಾಕಿ ನಿಂತರೆ ಗಾಳವನ್ನು ಮೂಗಿನ ಮುಂದೆ ಚುಚ್ಚಿ. ದೋಣಿ ನೀರಿನೊಡನೆ ತೇಲುತ್ತಿದ್ದರೆ ಬೆನ್ನಿನಲ್ಲಿ. ಎರೆ ಮಂಕಾದ ಕೂಡಲೇ ಬದಲಿಸಿ.

## ಹಂತ 6: ಜಾಗ

ಬೋಕಾ ಗ್ರಾಂಡೆ ಪಾಸ್ ಹೆಸರುವಾಸಿ. ಗ್ಯಾಸ್ಪರಿಲ್ಲಾ ಮತ್ತು ಕಾಯೋ ಕೋಸ್ಟಾ ದ್ವೀಪಗಳ ನಡುವಿನ ಈ ಆಳದ ಕಾಲುವೆಯಲ್ಲಿ ಷಾರ್ಲೆಟ್ ಹಾರ್ಬರ್ ಕೊಲ್ಲಿಯ ಬಹಳಷ್ಟು ನೀರು ಹೊರಬರುತ್ತದೆ, ಮೀನೂ ಅಷ್ಟೇ ಒತ್ತಾಗಿ ನಿಲ್ಲುತ್ತದೆ. ಆದರೂ ಹೊಸಬರು ಮೊದಲ ವರ್ಷ ಅಲ್ಲಿಗೆ ಹೋಗದಿರುವುದೇ ಒಳ್ಳೆಯದು. ಹತ್ತಾರು ದೋಣಿಗಳು ಸಾಲುಗಟ್ಟಿ ತೇಲುತ್ತಿರುತ್ತವೆ, ಸರದಿಯ ಅಲಿಖಿತ ನಿಯಮಗಳಿವೆ, ತಪ್ಪಿದರೆ ಅಪಘಾತ.

ಕಲಿಯಲು ಕಡಲತೀರ ಮೇಲು. ಆನಾ ಮರಿಯಾ, ಲಾಂಗ್‌ಬೋಟ್, ಸರಸೋಟ, ವೆನಿಸ್ ತೀರಗಳುದ್ದಕ್ಕೂ, ಮರಳು ದಡದಿಂದ ನೂರಿನ್ನೂರು ಗಜ ಆಚೆ, ಮುಂಜಾನೆ ಗುಂಪುಗಳು ಸಾಗುತ್ತವೆ. ಸೂರ್ಯೋದಯಕ್ಕೆ ಅರ್ಧಗಂಟೆ ಮೊದಲೇ ಅಲ್ಲಿರಿ. ಎಂಜಿನ್ ನಿಲ್ಲಿಸಿ ಸುಮ್ಮನೆ ನೋಡಿ. ಟಾರ್ಪನ್ನಿನ ಗಾಳಿಚೀಲ ಶ್ವಾಸಕೋಶದಂತೆಯೂ ಕೆಲಸ ಮಾಡುವುದರಿಂದ ಅದು ಆಗಾಗ ಮೇಲೆ ಬಂದು ಗಾಳಿ ನುಂಗುತ್ತದೆ. ಬೆನ್ನು ಬೆಳ್ಳಿ ತಟ್ಟೆಯಂತೆ ಒಮ್ಮೆ ಹೊಳೆದು ಮರೆಯಾಗುತ್ತದೆ. ಆ ಹೊರಳಾಟವೇ ನಿಮಗೆ ಗುರುತು.

ಹೊರಳುವ ರೀತಿಯನ್ನು ಓದಲು ಕಲಿಯಬೇಕು. ನಿಧಾನವಾಗಿ, ಎಲ್ಲ ಒಂದೇ ದಿಕ್ಕಿಗೆ, ಸದ್ದಿಲ್ಲದೆ ಹೊರಳುತ್ತಿದ್ದರೆ ಗುಂಪು ನಿರಾಳವಾಗಿದೆ, ತಿನ್ನುತ್ತದೆ. ಒಂದರ ಬಾಲ ಒಂದು ಹಿಡಿದಂತೆ ಮೇಲ್ಮೈಯಲ್ಲಿ ವೃತ್ತ ಸುತ್ತುತ್ತಿದ್ದರೆ ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ, ಆ ವೃತ್ತದ ಹೊರ ಅಂಚಿಗೆ ಎಸೆಯಿರಿ. ಬಾಲ ಬಡಿದು ದಿಢೀರನೆ ಮುಳುಗುತ್ತಿದ್ದರೆ, ದಿಕ್ಕು ಪದೇ ಪದೇ ಬದಲಿಸುತ್ತಿದ್ದರೆ ಅದನ್ನು ಯಾರೋ ಆಗಲೇ ಬೆದರಿಸಿದ್ದಾರೆ. ಬೆನ್ನಟ್ಟಬೇಡಿ, ಬೇರೆ ಗುಂಪು ಹುಡುಕಿ.

ಟ್ಯಾಂಪಾ ಕೊಲ್ಲಿಯ ಸನ್‌ಶೈನ್ ಸ್ಕೈವೇ ಸೇತುವೆಯಡಿ ನೋಡಿ ಎಸೆಯುವ ಕೆಲಸವಿಲ್ಲ, ಕಂಬಗಳ ಮೇಲ್ಹರಿವಿನಲ್ಲಿ ಲಂಗರು ಹಾಕಿ ಎರೆ ತೇಲಿಬಿಡುತ್ತಾರೆ. ಅಲ್ಲಿ ಲಂಗರಿನ ಹಗ್ಗಕ್ಕೆ ಬೆಂಡು ಕಟ್ಟಿರಲೇಬೇಕು. ಮೀನು ಕಚ್ಚಿದ ಗಳಿಗೆಯಲ್ಲೇ ಹಗ್ಗ ಕಳಚಿ ನೀರಿಗೆಸೆದು ಮೀನಿನ ಹಿಂದೆ ಹೋಗಬೇಕು. ಲಂಗರು ಎಳೆಯುತ್ತ ಕೂತರೆ ಮೀನು ಕಂಬ ಸುತ್ತಿ ದಾರ ಕತ್ತರಿಸಿರುತ್ತದೆ.

## ಹಂತ 7: ದೋಣಿ ನಿಲ್ಲಿಸುವುದು

ಹತ್ತರಲ್ಲಿ ಏಳು ಅವಕಾಶಗಳು ಇಲ್ಲೇ ಹಾಳಾಗುತ್ತವೆ ಎಂದು ನಾನು ಹೇಳುವೆ.

1. ಗುಂಪು ಕಂಡ ಮೇಲೆ ಅದರ ಹಾದಿ ಗೊತ್ತುಮಾಡಿ. ಎರಡು ಮೂರು ಸಲ ಹೊರಳುವವರೆಗೆ ಕಾಯಿರಿ, ಎರಡು ಚುಕ್ಕೆ ಸೇರಿಸಿ ಗೆರೆ ಎಳೆದ ಹಾಗೆ.
2. ದೊಡ್ಡ ಎಂಜಿನ್ನಿನಲ್ಲಿ ಗುಂಪನ್ನು ಬಹಳ ದೂರದಿಂದ, ಸಮುದ್ರದ ಕಡೆಯಿಂದ ಬಳಸಿ ಮುಂದಕ್ಕೆ ಹೋಗಿ. ಗುಂಪಿಗೂ ದಡಕ್ಕೂ ನಡುವೆ ಹಾಯಬೇಡಿ.
3. ಅದರ ಹಾದಿಯಲ್ಲಿ 250 ಗಜ ಮುಂದೆ ಎಂಜಿನ್ ನಿಲ್ಲಿಸಿ.
4. ಬ್ಯಾಟರಿಯ ಟ್ರೋಲಿಂಗ್ ಮೋಟರನ್ನು ಕಡಿಮೆ ವೇಗದಲ್ಲಿ, ಒಂದೇ ಸಮನೆ ನಡೆಸಿ. ಹಾಕಿ ನಿಲ್ಲಿಸಿ ಮಾಡುವ ಸದ್ದೇ ಮೀನನ್ನು ಹೆಚ್ಚು ಬೆದರಿಸುತ್ತದೆ.
5. ಗುಂಪು ನಿಮ್ಮ ಒಂದು ಪಕ್ಕದಿಂದ 60 ರಿಂದ 80 ಅಡಿ ದೂರದಲ್ಲಿ ಹಾಯುವಂತೆ ದೋಣಿಯನ್ನು ಪಕ್ಕಕ್ಕೆ ಸರಿಸಿ ನಿಲ್ಲಿಸಿ. ದೋಣಿಯಲ್ಲಿ ಯಾರೂ ಓಡಾಡಬಾರದು, ಐಸ್ ಪೆಟ್ಟಿಗೆಯ ಮುಚ್ಚಳ ಬಡಿಯಬಾರದು.

ಹಿಂದಿನಿಂದ ಬೆನ್ನಟ್ಟಿ ಬಂದು ಎಸೆದರೆ ಎರೆ ಬಾಲದ ಹತ್ತಿರ ಬೀಳುತ್ತದೆ. ಬಾಲದ ಹತ್ತಿರ ಬಿದ್ದದ್ದನ್ನು ಯಾವ ಟಾರ್ಪನ್ನೂ ತಿನ್ನುವುದಿಲ್ಲ, ಹೆದರಿ ಗುಂಪನ್ನೇ ಕರೆದುಕೊಂಡು ಆಳಕ್ಕಿಳಿಯುತ್ತದೆ.

## ಹಂತ 8: ಎಸೆತ

ಮುಂದಾಳು ಮೀನಿಗಿಂತ 10ರಿಂದ 15 ಅಡಿ ಮುಂದೆ, ಅದರ ಹಾದಿಗಿಂತ ಸ್ವಲ್ಪ ಆಚೆ ಎರೆ ಬೀಳಬೇಕು. ಬಿದ್ದ ಮೇಲೆ ನಿಧಾನ ಸುತ್ತಿ ಹಾದಿಯೊಳಕ್ಕೆ ತನ್ನಿ. ಇಲ್ಲಿ ದಿಕ್ಕು ಮುಖ್ಯ. ಎರೆ ಮೀನಿನಿಂದ ದೂರ ಸರಿಯುತ್ತಿರುವಂತೆ ಕಾಣಬೇಕು, ಹೆಚ್ಚೆಂದರೆ ಓರೆಯಾಗಿ ಅದರ ಮುಂದೆ ಹಾಯಬೇಕು. ನೇರ ಅದರ ಮುಖಕ್ಕೇ ಬರಬಾರದು. ಏಡಿಯೊಂದು ನೂರು ಪೌಂಡಿನ ಮೀನಿನ ಮೇಲೆ ಏರಿಹೋಗುವುದು ಸಮುದ್ರದಲ್ಲಿ ನಡೆಯುವ ಸಂಗತಿಯಲ್ಲ. ಹಾಗೆ ಕಂಡದ್ದೇ ಮೀನು ಜಾರಿಕೊಳ್ಳುತ್ತದೆ.

ಏಡಿ ಹಾದಿಗೆ ಬಂದಮೇಲೆ ಸುತ್ತುವುದನ್ನು ನಿಲ್ಲಿಸಿ. ಅದು ತಾನೇ ಕೆಳಗೆ ಈಜಲು ನೋಡುತ್ತದೆ. ಆ ಇಳಿಯುವಿಕೆಯೇ ಮೀನನ್ನು ಸೆಳೆಯುವುದು. ದಾರದಲ್ಲಿ ಜೋಲು ಉಳಿಯದಂತೆ ನೋಡಿಕೊಳ್ಳಿ, ಎಳೆಯಬೇಡಿ.

ಗುಂಪಿನ ನಡುವೆ ಎಸೆಯುವ ಆಸೆ ಎಲ್ಲರಿಗೂ ಬರುತ್ತದೆ. ದಾರ ಯಾವುದೋ ಮೀನಿನ ಬೆನ್ನಿಗೆ ತಗುಲಿ ಇಡೀ ಗುಂಪು ಸಿಡಿಯುತ್ತದೆ.

## ಹಂತ 9: ಕಚ್ಚಿದಾಗ

ಕಚ್ಚುವುದು ಹಲವು ಸಲ ದೊಡ್ಡ ಏಟಿನಂತಿರುವುದಿಲ್ಲ. ದಾರ ಒಮ್ಮೆ ಟಪ್ ಎನ್ನುತ್ತದೆ, ಅಥವಾ ಸುಮ್ಮನೆ ಪಕ್ಕಕ್ಕೆ ಸರಿಯುತ್ತದೆ. ಆಗ ರಾಡನ್ನು ಮೇಲಕ್ಕೆ ಸೆಳೆಯಬೇಡಿ. ಕೈ ತಾನಾಗಿ ಸೆಳೆಯಲು ಹೋಗುತ್ತದೆ, ತಡೆಯಿರಿ. ಸರ್ಕಲ್ ಗಾಳವನ್ನು ಹಠಾತ್ತನೆ ಸೆಳೆದರೆ ತೆರೆದ ಬಾಯಿಂದ ಹಾಗೇ ಹೊರಗೆ ಬಂದುಬಿಡುತ್ತದೆ.

ರಾಡಿನ ತುದಿಯನ್ನು ಮೀನಿನ ಕಡೆಗೆ ತಗ್ಗಿಸಿಟ್ಟು ರೀಲ್ ಸುತ್ತಿ. ಸುತ್ತುತ್ತಲೇ ಇರಿ. ದಾರ ಬಿಗಿಯಾಗಿ, ರಾಡ್ ಬುಡದವರೆಗೆ ಬಗ್ಗಿ, ಡ್ರ್ಯಾಗ್ ಕೂಗುವ ತನಕ. ಗಾಳ ನಾಟುವುದು ಆ ಬಿಗಿತದಿಂದ.

ಕೃತಕ ಎರೆಯಲ್ಲಿ ಒಂದೇ ಮೊನೆಯ ಸಾದಾ ಗಾಳವಿದ್ದರೆ ಮಾತ್ರ ಬೇರೆ ನಿಯಮ: ದಾರ ಬಿಗಿಯಾದ ಮೇಲೆ ಪಕ್ಕಕ್ಕೆ ಎರಡು ಮೂರು ಸಲ ಗಟ್ಟಿಯಾಗಿ ಸೆಳೆಯಿರಿ.

## ಹಂತ 10: ನೆಗೆತ ಮತ್ತು ಸೆಣಸಾಟ

ಗಾಳ ನಾಟಿದ ಕೆಲವೇ ಕ್ಷಣಗಳಲ್ಲಿ ಮೀನು ಗಾಳಿಗೆ ಹಾರುತ್ತದೆ. ಆಗ ಏನು ಮಾಡಬೇಕೆಂಬುದನ್ನು ಅಲ್ಲಿಯ ಗಾಳಗಾರರು ‘ಬೌ ಟು ದ ಕಿಂಗ್’ ಎಂದು ಕಲಿಸುತ್ತಾರೆ, ರಾಜನಿಗೆ ತಲೆಬಾಗು ಎಂದು. ಮಾತು ಅಕ್ಷರಶಃ ನಿಜ. ಮೀನು ನೀರಿನಿಂದ ಎದ್ದ ಕೂಡಲೇ ಸೊಂಟ ಬಗ್ಗಿಸಿ, ಎರಡೂ ಕೈ ಮುಂದೆ ಚಾಚಿ, ರಾಡಿನ ತುದಿಯನ್ನು ನೇರ ಮೀನಿನತ್ತ ಇಡಿ. ನೀರೊಳಗೆ ಮೀನಿನ ಭಾರವನ್ನು ನೀರೇ ಹೊತ್ತಿರುತ್ತದೆ. ಗಾಳಿಯಲ್ಲಿ ಅಷ್ಟೂ ಭಾರ, ತಲೆ ಕೊಡವುವ ಬಲವೂ ಸೇರಿ, ಬಿಗಿಯಾದ ದಾರದ ಮೇಲೆ ಬೀಳುತ್ತದೆ. ಗಾಳ ಕಿತ್ತುಬರುವುದು, ಗಂಟು ಬಿಚ್ಚುವುದು ಆ ಅರೆಕ್ಷಣದಲ್ಲೇ. ನೀವು ಬಾಗಿದಾಗ ದಾರಕ್ಕೆ ಕೊಂಚ ಸಡಿಲ ಸಿಗುತ್ತದೆ.

ಮೀನು ನೀರಿಗೆ ಬಿದ್ದ ಮರುಗಳಿಗೆ ಆ ಸಡಿಲವನ್ನು ಸುತ್ತಿಕೊಳ್ಳಿ. ಬಾಗುವುದನ್ನು ನೆನಪಿಟ್ಟವರೂ ಇದನ್ನು ಮರೆಯುತ್ತಾರೆ.

ಮೊದಲ ಓಟ ಮುಗಿದ ಮೇಲೆ ದೋಣಿಯಲ್ಲಿ ಹಿಂಬಾಲಿಸಿ. ನಿಮಗೂ ಮೀನಿಗೂ ನಡುವೆ 150 ಅಡಿಗಿಂತ ಹೆಚ್ಚು ದಾರವಿದ್ದರೆ ನಿಮ್ಮ ಎಳೆತ ಅದಕ್ಕೆ ತಟ್ಟುವುದೇ ಇಲ್ಲ. ಹತ್ತಿರ ಬಂದಮೇಲೆ ರಾಡನ್ನು ಆಕಾಶಕ್ಕೆತ್ತಿ ಹಿಡಿಯುವುದನ್ನು ಬಿಡಿ. ರಾಡ್ ನೀರಿಗೆ ಸಮಾನಾಂತರವಾಗಿ, ತಗ್ಗಿನಲ್ಲಿ, ಮೀನು ಹೋಗುತ್ತಿರುವ ದಿಕ್ಕಿಗೆ ವಿರುದ್ಧವಾಗಿ ಎಳೆಯಬೇಕು. ಅದು ಎಡಕ್ಕೆ ಹೋದರೆ ನೀವು ಬಲಕ್ಕೆ. ತಿರುಗಿತೇ, ನೀವೂ ಬದಲಿಸಿ. ತಲೆ ತಿರುಗಿದ ಕಡೆಗೆ ಮೈ ಹೋಗಲೇಬೇಕು, ಪ್ರತಿ ತಿರುವಿಗೂ ಅದರ ಓಟ ಮುರಿಯುತ್ತದೆ.

ಗಾಳಿ ನುಂಗಲು ಮೇಲೆ ಬರುವುದು ಕಂಡರೆ ರಾಡಿನ ತುದಿಯನ್ನು ನೀರಿನೊಳಕ್ಕೇ ಇಳಿಸಿ ಕೆಳಗೆ ಎಳೆಯಿರಿ. ಒಂದು ಗುಟುಕು ಗಾಳಿ ಸಿಕ್ಕರೆ ಮತ್ತೆ ಹತ್ತು ನಿಮಿಷದ ಬಲ ಬರುತ್ತದೆ.

ಕೈಗೆ ವಿಶ್ರಾಂತಿ ಕೊಡಬೇಡಿ. ನೀವು ದಣಿವಾರಿಸಿಕೊಂಡಷ್ಟೂ ಹೊತ್ತು ಮೀನೂ ದಣಿವಾರಿಸಿಕೊಳ್ಳುತ್ತದೆ. ಅರ್ಧಗಂಟೆಯೊಳಗೆ ದೋಣಿಯ ಪಕ್ಕಕ್ಕೆ ತರುವುದು ಗುರಿ. ಮುಕ್ಕಾಲು ಗಂಟೆ ದಾಟಿತು ಎಂದರೆ ದಾರ ಕಡಿದುಬಿಡಿ. ಗಂಟೆಗಟ್ಟಲೆ ಕಾದಾಡಿದೆ ಎಂದು ಹೆಮ್ಮೆ ಪಡುವವರಿದ್ದಾರೆ. ಅಷ್ಟು ದಣಿದ ಮೀನು ಬಿಟ್ಟರೂ ಬದುಕುವುದು ಕಷ್ಟ.

ಶಾರ್ಕ್ ಬಂದರೆ: ಟಾರ್ಪನ್ ಇರುವಲ್ಲಿ ಹ್ಯಾಮರ್‌ಹೆಡ್, ಬುಲ್ ಶಾರ್ಕ್ ಇದ್ದೇ ಇರುತ್ತವೆ. ದೂರ ಎಳೆಯುತ್ತಿದ್ದ ಮೀನು ಇದ್ದಕ್ಕಿದ್ದಂತೆ ದೋಣಿಯ ಕಡೆಗೇ ಓಡಿಬಂದರೆ, ಮೇಲ್ಮೈಯಲ್ಲಿ ದಿಕ್ಕುಗೆಟ್ಟು ಅಂಕುಡೊಂಕಾಗಿ ಓಡಿದರೆ, ಹಿಂದೆ ಕಂದು ನೆರಳು ಕಂಡರೆ ಯೋಚಿಸುತ್ತ ನಿಲ್ಲಬೇಡಿ. ರಾಡನ್ನು ನೇರ ಮೀನಿನತ್ತ ಹಿಡಿದು, ಕೈಗವಸಿನ ಕೈಯಿಂದ ರೀಲಿನ ಸುರುಳಿಯನ್ನು ಅದುಮಿ ದಾರ ಕಡಿಯಿರಿ. ದಾರವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬೆರಳೇ ಹೋದೀತು. ಕಟ್ಟಿಹಾಕಿದ ಮೀನನ್ನು ಶಾರ್ಕಿಗೆ ಒಡ್ಡುವುದು ಆಟವಲ್ಲ.

## ಹಂತ 11: ಬಿಡುವುದು

ಲೀಡರ್ ಕೈಗೆ ಸಿಕ್ಕಿದರೆ ಹಿಡಿದ ಲೆಕ್ಕ. ಗಾಳ ಮೂಲೆಯಲ್ಲಿದ್ದರೆ ಉದ್ದ ಹಿಡಿಯ ಸಾಧನದಿಂದ ಬಿಡಿಸಿ. ಒಳಗೆ ಹೋಗಿದ್ದರೆ ಲೀಡರನ್ನು ಸಾಧ್ಯವಾದಷ್ಟು ಹತ್ತಿರ ಕತ್ತರಿಸಿ, ಕೆದಕಬೇಡಿ. ಮೀನಿಗೆ ಚುಚ್ಚಿ ಎತ್ತುವ ಕೊಕ್ಕೆ ಬಳಸಬೇಡಿ, ಕಿವಿರಿನೊಳಗೆ ಬೆರಳು ಹಾಕಬೇಡಿ, ದೋಣಿಯ ಅಂಚಿನ ಮೇಲೆ ಎಳೆದುಕೊಳ್ಳಬೇಡಿ.

ಫೋಟೋ ಬೇಕಿದ್ದರೆ ಕ್ಯಾಮೆರಾ ಮೊದಲೇ ಸಿದ್ಧವಿರಲಿ. ಕೈಗವಸು ತೊಟ್ಟು ಕೆಳದವಡೆ ಹಿಡಿದು, ಮೀನು ನೀರಿನಲ್ಲಿರುವಂತೆಯೇ ತೆಗೆಯಿರಿ. ತಲೆಯ ಪಕ್ಕ ಬಗ್ಗಿ ತೆಗೆದ ಚಿತ್ರದಲ್ಲಿ ಆ ದೊಡ್ಡ ಕಣ್ಣು, ಅಂಗೈಯಗಲದ ಹುರುಪೆ ಎಲ್ಲ ಚೆನ್ನಾಗಿಯೇ ಬರುತ್ತದೆ.

ಮೀನು ವಾಲುತ್ತಿದ್ದರೆ ಕೆಳದವಡೆ ಹಿಡಿದೇ ದೋಣಿಯನ್ನು ಅತಿ ನಿಧಾನವಾಗಿ ಮುಂದಕ್ಕೆ ನಡೆಸಿ, ನೀರು ಬಾಯಿಯಿಂದ ಕಿವಿರಿನ ಮೂಲಕ ಹಾಯಲಿ. ಹಿಂದೆಮುಂದೆ ಆಡಿಸಬೇಡಿ. ಮೊದಲು ದವಡೆ ನಿಮ್ಮ ಕೈಯನ್ನು ಅದುಮುತ್ತದೆ, ಆಮೇಲೆ ಬಾಲ ಒಂದೇ ಲಯದಲ್ಲಿ ಬೀಸಲು ತೊಡಗುತ್ತದೆ. ಕೈಯಿಂದ ತಾನೇ ಕಿತ್ತುಕೊಂಡು ಹೋಗುವಷ್ಟು ಬಲ ಬರುವ ತನಕ ಬಿಡಬೇಡಿ. ಈ ಮೀನು ಐವತ್ತು ವರ್ಷ ಬದುಕಬಲ್ಲದು, ಪ್ರಾಯಕ್ಕೆ ಬರಲು ಅದಕ್ಕೆ ಹತ್ತರ ಸುಮಾರು ವರ್ಷ ಬೇಕು. ಐದು ನಿಮಿಷ ಹೆಚ್ಚು ಹಿಡಿದುಕೊಂಡರೆ ನಷ್ಟವೇನಿಲ್ಲ.

ಮುಂದಿನ ಎಸೆತಕ್ಕೆ ಮೊದಲು ಲೀಡರಿನ ಕೊನೆಯ ಎರಡು ಅಡಿಯನ್ನು ಬೆರಳಿನಿಂದ ಸವರಿ ನೋಡಿ. ಒರಟು ತಾಗಿದರೆ ಅಷ್ಟನ್ನೂ ಕತ್ತರಿಸಿ ಹೊಸದಾಗಿ ಗಾಳ ಕಟ್ಟಿ.

## ಟಾರ್ಪನ್ ಇಲ್ಲದ ದಿನ, ಟಾರ್ಪನ್ ಇಲ್ಲದ ತಿಂಗಳು

ಗಾಳಿ ಜೋರಿದ್ದರೆ ಕೊಲ್ಲಿಯ ಒಳಗೆ ಹೋಗಿ. ಇದಕ್ಕೆಲ್ಲ ಒಂದೇ ಹಗುರ ಜೋಡಿ ಸಾಕು: 7 ಅಡಿ ರಾಡ್, 3000 ಅಳತೆಯ ರೀಲ್, 15 ಪೌಂಡ್ ದಾರ, 30 ಪೌಂಡ್ ಲೀಡರ್, 2/0 ಗಾಳ, ಬದುಕಿರುವ ಸಿಗಡಿ.

ಸ್ನೂಕ್. ಬೇಸಿಗೆಯಲ್ಲಿ ಪಾಸ್‌ಗಳ ಬಾಯಲ್ಲಿ, ಮರಳು ದಡದ ಕಾಲಡಿಯ ನೀರಿನಲ್ಲೇ ಇರುತ್ತದೆ. ನೀರಿಗಿಳಿದು ಎಸೆಯುವವರು ಮೀನನ್ನು ದಾಟಿ ಹೋಗಿಬಿಡುತ್ತಾರೆ. ಮೊದಲು ದಡಕ್ಕೆ ಸಮಾನಾಂತರವಾಗಿ ಎಸೆಯಿರಿ. ಕಿವಿರಿನ ಮುಚ್ಚಳ ಬ್ಲೇಡಿನಷ್ಟು ಹರಿತ, ಕೈ ಹಾಕಬೇಡಿ. ಗಲ್ಫ್ ಕಡೆ ಮೇಯಿಂದ ಆಗಸ್ಟ್ ತನಕ, ಮತ್ತೆ ಡಿಸೆಂಬರ್‌ನಿಂದ ಫೆಬ್ರವರಿ ತನಕ ಇಟ್ಟುಕೊಳ್ಳುವಂತಿಲ್ಲ. ಉಳಿದ ತಿಂಗಳಲ್ಲಿ 28ರಿಂದ 33 ಇಂಚಿನದು ಮಾತ್ರ, ಪ್ರತ್ಯೇಕ ಅನುಮತಿಯೊಂದಿಗೆ. ಸ್ನೂಕ್ ಚಳಿ ತಾಳದು. 2010ರ ಜನವರಿಯ ಶೀತಕ್ಕೆ ರಾಶಿ ರಾಶಿ ಸತ್ತವು. ನೀರು 15 ಡಿಗ್ರಿಗಿಂತ ತಣ್ಣಗಾದ ದಿನ ಅದು ಮಂಕಾಗಿ ನಿಂತಿರುತ್ತದೆ, ಅಂಥದ್ದಕ್ಕೆ ಗಾಳ ಹಾಕಬೇಡಿ.

ರೆಡ್‌ಫಿಶ್. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗುಂಪುಗೂಡುತ್ತದೆ. ಉಬ್ಬರ ಏರುತ್ತಿದ್ದಂತೆ ಕಾಂಡ್ಲಾ ಬೇರುಗಳ ಅಂಚಿಗೆ, ಸಿಂಪಿ ದಿಬ್ಬಗಳ ಮೇಲಕ್ಕೆ ಬರುತ್ತದೆ. ಆಳವಿಲ್ಲದ ನೀರಿನಲ್ಲಿ ನಡೆಯುವಾಗ ಪಾದ ಎತ್ತಿ ಇಡದೆ ಮರಳಿನಲ್ಲಿ ಸವರಿಕೊಂಡು ಹೋಗಿ, ಅಡಗಿದ ಮುಳ್ಳುತೊರಕೆ ಸರಿದುಹೋಗುತ್ತದೆ.

ಶೀಪ್ಸ್‌ಹೆಡ್. ಜನವರಿಯಿಂದ ಮಾರ್ಚ್, ಸೇತುವೆ ಮತ್ತು ಜೆಟ್ಟಿಯ ಕಂಬಗಳಿಗೆ ಅಂಟಿಕೊಂಡೇ ಇರುತ್ತದೆ, ದೋಣಿ ಬೇಕಿಲ್ಲ. ಗಾಳ ಚಿಕ್ಕದಿರಲಿ, 1ನೇ ಅಥವಾ 2ನೇ ಅಳತೆ. ಎರೆಗೆ ಫಿಡ್ಲರ್ ಏಡಿ. ಕಂಬದಿಂದ ಒಂದು ಅಡಿಯೊಳಗೆ ನೇರ ಇಳಿಬಿಡಿ. ಮನುಷ್ಯನಂಥ ಹಲ್ಲಿನಿಂದ ಅದು ಏಡಿಯನ್ನು ಗಾಳದ ಸುತ್ತ ಮೆಲ್ಲಗೆ ಒಡೆದು ತಿನ್ನುತ್ತದೆ. ಕಚ್ಚಿದ್ದು ಕೈಗೆ ತಿಳಿಯುವಷ್ಟರಲ್ಲಿ ಎರೆ ಹೋಗಿರುತ್ತದೆ. ಅದಕ್ಕೇ ದಾರವನ್ನು ಸದಾ ಬಿಗಿಯಾಗಿಟ್ಟು, ಕೆಲವು ಕ್ಷಣಕ್ಕೊಮ್ಮೆ ರಾಡನ್ನು ನಾಲ್ಕು ಇಂಚು ಮೆಲ್ಲಗೆ ಎತ್ತಿ ನೋಡಿ. ಎಂದಿಗಿಂತ ತುಸು ಭಾರವೆನಿಸಿದರೆ ಮೀನು ಬಾಯಲ್ಲಿಟ್ಟುಕೊಂಡಿದೆ, ಅಲ್ಲಿಂದಲೇ ಸೆಳೆಯಿರಿ.